ಎತ್ತಾದ ಗುರುಗಳು ಎಲ್ಲಿದ್ದಾರೆ?

ಇಲ್ಲದ ಲೋಕವೊಂದನ್ನು ಕಟ್ಟಿದವರನ್ನು ಇರುವ ಲೋಕ ನೆಮ್ಮದಿಯಾಗಿ ಒಂದು ಬಸ್ಸು ಹತ್ತಲೂ ಬಿಡುವುದಿಲ್ಲ. ನನ್ನ ಪಾಲಿಗೆ ಇದು ವಾರಕ್ಕೆ ಎರಡು ಸಲವಾದರೂ ರುಜುವಾತಾಗುತ್ತಿರುವ ಸತ್ಯ.

ನಾನು ಕನ್ನಡ ಸ್ನಾತಕೋತ್ತರ ಪದವೀಧರೆ. ಪುತ್ತೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಮಂತ್ರವಿದ್ಯೆಯ ಶಾಲೆಯ ಕಥೆಯೆಂದರೆ ಅದು ಪರದೇಶದಿಂದಲೇ ಬರಬೇಕೆಂದು ನಮ್ಮ ಮಕ್ಕಳು ನಂಬಿಕೊಂಡಿರುವುದನ್ನು ನೋಡಲಾರದೆ, ಧೂಮಗಿರಿ ಎಂಬ ಬೆಟ್ಟವೊಂದನ್ನು ಕಲ್ಪಿಸಿ, ಅದರ ನೆತ್ತಿಯಲ್ಲಿ ಮಂತ್ರವಿದ್ಯಾಪೀಠವೊಂದನ್ನು ಸ್ಥಾಪಿಸಿ, ಶೂನ್ಯಪಾದರೆಂಬ ಗುರುಗಳನ್ನೂ ನೀಲವೇಣಿಯೆಂಬ ಶಿಷ್ಯೆಯನ್ನೂ ಅಲ್ಲಿಗೆ ನೇಮಿಸಿದೆ. ಅವರ ನೇಮಕಾತಿ ಖಾಯಂ. ನನ್ನದು ಇನ್ನೂ ಆಗಿಲ್ಲ. ನಾಲ್ಕು ಸಂಪುಟಗಳು ಹೊರಬಂದವು. ಮಕ್ಕಳಿಗೆಂದು ಬರೆದದ್ದನ್ನು ಮಕ್ಕಳ ಕೈಯಿಂದ ಕಸಿದು ದೊಡ್ಡವರು ಓದಿದರು. ಅಲ್ಲಿಂದ ನನ್ನ ಶಾಂತಿ ಹೋಯಿತು.

ಏಕೆಂದರೆ ನಾಲ್ಕನೆಯ ಸಂಪುಟದ ಕೊನೆಯ ಪುಟದಲ್ಲಿ, ಶತ್ರುಗಳು ಸುತ್ತುವರಿದಾಗ, ಶೂನ್ಯಪಾದರು ಎತ್ತಿನ ರೂಪ ತಾಳಿ ಬೆಟ್ಟದ ತಪ್ಪಲಿನ ದನಗಳ ಹಿಂಡಿನಲ್ಲಿ ಕಣ್ಮರೆಯಾಗುತ್ತಾರೆ. ‘ಅವರು ಹೋದದ್ದೆಲ್ಲಿಗೆ, ಮರಳಿ ಬಾರದಿರುವುದೇಕೆ? ಐದನೆಯ ಸಂಪುಟವನ್ನು ನಿರೀಕ್ಷಿಸಿ’ ಎಂದು ನಾನು ಗಂಭೀರವಾಗಿ ಬರೆದು ಮುಗಿಸಿದ್ದೆ. ಅವರು ಹೋದದ್ದೆಲ್ಲಿಗೆ ಎಂಬುದು ನನಗೂ ಗೊತ್ತಿರಲಿಲ್ಲ. ಈ ಗುಟ್ಟನ್ನು ನಾನು ಮನೆಯವರಿಗೂ ಹೇಳಿರಲಿಲ್ಲ.

ನಮ್ಮ ಪುಸ್ತಕಗಳನ್ನು ಅಚ್ಚು ಹಾಕುವ ಪುತ್ತೂರಿನ ಮುದ್ರಕರು ಶಿವರಾತ್ರಿ ಕಳೆದ ಮೇಲೆ ಒಂದು ದಿನ ಕರೆಸಿ ಹೇಳಿದರು: “ಮೇಡಂ, ಶಾಲೆ ಶುರುವಾಗುವ ಮೊದಲು ಐದನೆಯದ್ದು ಬರ್ಬೇಕು. ಇಲ್ಲದಿದ್ರೆ ನಿಮ್ಮ ಧೂಮಗಿರಿಗೆ ಬೀಗ ಹಾಕಿ ನಾನು ಮದುವೆ ಕಾಗದ ಪ್ರಿಂಟ್ ಮಾಡುದು.”

ಅಂದಿನಿಂದ ನಾನೊಂದು ನೋಟ್‌ಪುಸ್ತಕ ಇಟ್ಟೆ. ಓದುಗರ ಪ್ರಶ್ನೆಗಳನ್ನೆಲ್ಲ ಬರೆದುಕೊಂಡರೆ, ಅವುಗಳಲ್ಲೊಂದರ ಬೆನ್ನು ಹಿಡಿದು ಗುರುಗಳನ್ನು ಪತ್ತೆ ಹಚ್ಚಬಹುದು ಎಂಬುದು ನನ್ನ ಆಸೆ.

೧. ಕಾಣದವರ ಟಿಕೆಟು

ಪುತ್ತೂರಿನಿಂದ ಕಡಬಕ್ಕೆ ಹೋಗುವ ಸರ್ಕಾರಿ ಬಸ್ಸಿನ ನಿರ್ವಾಹಕರೊಬ್ಬರು ನನ್ನ ನಿಷ್ಠಾವಂತ ಓದುಗರು. ಟಿಕೆಟಿನ ಯಂತ್ರವನ್ನು ಹೊಟ್ಟೆಗೆ ಒತ್ತಿಕೊಂಡು ಅವರು ಕೇಳಿದರು:

“ಮೇಡಂ, ನಿಮ್ಮ ನೀಲವೇಣಿ ಅದೃಶ್ಯ ಆಗ್ತಾಳಲ್ಲ, ಆಗ ಬಸ್ಸು ಹತ್ತಿದ್ರೆ ಟಿಕೆಟ್ ಎಂತ?”

ಅದೃಶ್ಯವಿದ್ಯೆಯೆಂಬುದು ಅಹಂಕಾರದ ವಿಸರ್ಜನೆಯ ರೂಪಕವೆಂದು ನಾನು ವಿವರಿಸತೊಡಗಿದೆ.

“ಅದು ಆಗ್ಲಿ. ಹೆಂಗಸು ಆದ ಕಾರಣ ಅವಳಿಗೆ ಉಚಿತ. ಆದರೆ ಆಧಾರ್ ಕಾರ್ಡು ತೋರಿಸ್ಬೇಕು. ಕಾರ್ಡಿನಲ್ಲಿ ಮುಖ ಉಂಟು, ಸೀಟಿನಲ್ಲಿ ಮುಖ ಇಲ್ಲ. ನಾನು ಯಾವುದನ್ನು ತಾಳೆ ನೋಡುದು? ಚೆಕ್ಕಿಂಗಿನವರು ಹತ್ತಿದ್ರೆ ನನ್ನ ಕೆಲಸ ಹೋಗ್ತದೆ.”

“ಆಕೆ ಧರ್ಮಿಷ್ಠೆ. ಬಸ್ಸಿನಲ್ಲಿ ಅದೃಶ್ಯಳಾಗಿ ಪ್ರಯಾಣ ಮಾಡುವುದಿಲ್ಲ” ಎಂದೆ.

“ಬರೆದಿದ್ದೀರಾ ಹಾಗೆ?”

ಬರೆದಿರಲಿಲ್ಲ. ನೋಟ್‌ಪುಸ್ತಕ ತೆಗೆದೆ. ಉಪ್ಪಿನಂಗಡಿ ತಲುಪುವಷ್ಟರಲ್ಲಿ ಬಸ್ಸು ತುಂಬಿ, ನನಗೆ ಒಂದು ಕಾಲನ್ನಷ್ಟೇ ಊರಲು ಸ್ಥಳ ಉಳಿದಿತ್ತು. ನಿರ್ವಾಹಕರು ಮುಂದಿನಿಂದ ಕೂಗಿದರು: “ಮೇಡಂ, ಹಿಂದೆ ಹೋಗಿ, ಹಿಂದೆ ಖಾಲಿ ಉಂಟು!”

“ಎಲ್ಲಿದೆ ಖಾಲಿ? ನನಗೆ ಕಾಣುತ್ತಿಲ್ಲವಲ್ಲ!”

“ನಿಮ್ಮ ಪುಸ್ತಕದಲ್ಲಿ ಕಾಣದ ಜನ ಇರ್ಬಹುದು, ನಮ್ಮ ಬಸ್ಸಿನಲ್ಲಿ ಕಾಣದ ಜಾಗ ಇರ್ಬಾರದಾ? ಹೋಗಿ, ಹೋಗಿ.”

೨. ಪಾತ್ರೆ ತೊಳೆಯುವ ಮಂತ್ರ

ಕೆದಂಬಾಡಿಯ ಕೃಷಿಕ ದಂಪತಿ ಕಾಲೇಜಿನ ಕಾರ್ಯಕ್ರಮವೊಂದರಲ್ಲಿ ಪರಿಚಯವಾಗಿ, ಪುಸ್ತಕದ ಬಗ್ಗೆ ಸ್ವಲ್ಪ ಮಾತನಾಡಲಿಕ್ಕಿದೆಯೆಂದು ಮನೆಗೆ ಕರೆದರು. ಗಂಡ ಮೂರನೆಯ ಸಂಪುಟವನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದರು. ನೀಲವೇಣಿಯು ಬರಿಯ ದೃಷ್ಟಿಯಿಂದ ಹೆಬ್ಬಂಡೆಯನ್ನು ಎತ್ತುವ ಪುಟಕ್ಕೆ ಗುರುತಿಟ್ಟಿದ್ದರು.

“ಬಂಡೆ ಎತ್ತುತ್ತಾಳೆ, ಸಂತೋಷ. ಮರದಿಂದ ಅಡಿಕೆ ಕೊನೆ ಇಳಿಸ್ತಾಳಾ?”

“ಅಂಥ ಸಂದರ್ಭ ಬಂದಿಲ್ಲ.”

“ಬರ್ಲಿ ಮಾರಾಯ್ರೆ! ಮರ ಹತ್ತುವವರು ಸಿಕ್ಕುದಿಲ್ಲ ಇಲ್ಲಿ. ಮಳೆಗೆ ಮೊದಲು ಕೊಳೆರೋಗದ ಮದ್ದು ಬಿಡುವವನನ್ನು ಹುಡುಕಿ ಹುಡುಕಿ ನನ್ನ ಚಪ್ಪಲಿ ಸವೆದಿದೆ. ಅವಳು ಮದ್ದಿನ ಡ್ರಮ್ಮನ್ನು ಸೋಗೆಯ ಮಟ್ಟಕ್ಕೆ ಎತ್ತಿ ಹಿಡಿದ್ರೆ ಸಾಕಿತ್ತು. ಬಂಡೆ ಎತ್ತಿ ಯಾರಿಗೆ ಎಂತ ಆಗ್ಬೇಕು?”

ಮಂತ್ರಶಕ್ತಿಯನ್ನು ಲೌಕಿಕ ಲಾಭಕ್ಕೆ ಬಳಸಕೂಡದೆಂಬುದು ಧೂಮಗಿರಿಯ ಮೊದಲ ನಿಯಮವೆಂದು ನೆನಪಿಸಿದೆ. ಅವರು ಪುಟ ಮಗುಚಿ, ಅದೇ ನಿಯಮವನ್ನು ನೀಲವೇಣಿ ಹಲಸಿನ ಹಣ್ಣು ಕೀಳಲು ಮುರಿದ ಜಾಗವನ್ನು ತೋರಿಸಿದರು. ನಾನು ಅದನ್ನು ಮರೆತೇಬಿಟ್ಟಿದ್ದೆ.

ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಅವಲಕ್ಕಿ ತಂದಿಟ್ಟು, ಕೈ ಒರೆಸಿಕೊಳ್ಳುತ್ತ ನಿಂತರು.

“ನಂದೂ ಒಂದು ಉಂಟು. ನಾಲ್ಕು ಪುಸ್ತಕ ಓದಿದೆ. ನಿಮ್ಮ ವಿದ್ಯಾಪೀಠದಲ್ಲಿ ಅಷ್ಟು ಜನ ದಿನಾಲೂ ಊಟ ಮಾಡ್ತಾರೆ. ಒಂದು ಪುಟದಲ್ಲೂ ಯಾರೂ ಪಾತ್ರೆ ತೊಳೆದದ್ದು ನಾನು ಕಾಣ್ಲಿಲ್ಲ. ತೊಳೆಯುದು ಯಾರು?”

ನಾನು ತಡವರಿಸಿ, “ಮಂತ್ರದಿಂದ... ತಾನಾಗಿ...” ಎಂದೆ.

ಗಂಡ ಉತ್ಸಾಹದಿಂದ ಕುರ್ಚಿಯ ತುದಿಗೆ ಸರಿದರು: “ನೋಡು, ಮಂತ್ರ ಉಂಟಂತೆ! ಮೇಡಂ, ಅದನ್ನು ಒಂದು ಕಾಗದದಲ್ಲಿ ಬರೆದು ಕೊಡಿ. ಇವಳಿಗೆ ಕೆಲಸ ಎಷ್ಟು ಕಡಿಮೆ ಆಗ್ತದೆ!”

ಹೆಂಡತಿ ಗಂಡನ ಮುಂದಿದ್ದ ಖಾಲಿ ಲೋಟವನ್ನು ಎತ್ತಿಕೊಂಡು ಒಳಗೆ ಹೋಗುತ್ತ ಅಂದರು: “ಬೇಡ ಮೇಡಂ, ಬರೆಯ್ಬೇಡಿ. ಮಂತ್ರ ಇದ್ರೂ ಅದನ್ನು ಹೇಳುದು ನಾನೇ ಆಗ್ಬೇಕಷ್ಟೆ.”

೩. ಹೇಂಟೆ ಮತ್ತು ಹಳಗನ್ನಡ

ಸುಳ್ಯದ ಕಡೆ ಮರ್ಕಂಜದಲ್ಲಿ ನನ್ನ ಗೆಳತಿಯ ಅಜ್ಜಿ ಇದ್ದಾರೆ. ಮನೆಮಾತು ಅರೆಭಾಷೆ. ಕಣ್ಣು ಮಂದವಾದ್ದರಿಂದ ಗೆಳತಿ ಓದಿ ಹೇಳುತ್ತಾಳೆ, ಅಜ್ಜಿ ಕೇಳುತ್ತಾರೆ. ನಾನು ಹೋದ ದಿನ ಅಂಗಳದಲ್ಲಿ ಕಾಳುಮೆಣಸು ಒಣಗಲು ಹಾಕಿ, ಜಗಲಿಯಲ್ಲಿ ಕಾವಲು ಕುಳಿತಿದ್ದರು.

“ನಿನ್ನ ನೀಲವೇಣಿಗೆ ಹಕ್ಕಿ ಭಾಷೆ ಬರ್ತದಂತೆ” ಎಂದರು, ನನಗೆ ಅರ್ಥವಾಗಲೆಂದು ಪೇಟೆಯ ಕನ್ನಡದಲ್ಲೇ. “ಯಾವ ಭಾಷೆ ಮಗಾ ಅದು?”

“ಹಕ್ಕಿಗಳದ್ದೇ ಭಾಷೆ ಅಜ್ಜಿ.”

“ಅಲ್ಲ, ಪುಸ್ತಕದಲ್ಲಿ ಗಿಳಿ ಮಾತಾಡುದು ರೇಡಿಯೋದ ವಾರ್ತೆಯವರ ಹಾಗೆ. ನಮ್ಮ ಹಾಡಿಯ ಗಿಳಿ ಗಡಿ ದಾಟಿ ಮಲೆಯಾಳದ ಸೀಮೆಗೆ ಹೋಗಿ ಬರ್ತದೆ. ತುಳು ಮಾತಾಡುವವರ ಪೇರಳೆ ತಿಂತದೆ, ಬ್ಯಾರಿಗಳ ಅಂಗಡಿಯ ಮಾಡಿನಲ್ಲಿ ಕೂತ್ಕೊಳ್ತದೆ, ನಮ್ಮಲ್ಲಿಗೆ ಬಂದು ಅರೆಭಾಷೆಯಲ್ಲಿ ಬೈಸಿಕೊಳ್ತದೆ. ಅಂಥ ಗಿಳಿಗೆ ನಿನ್ನ ಗ್ರಂಥದ ಕನ್ನಡ ಯಾಕೆ?”

ಇದು ನನ್ನ ಶೈಲಿಯ ಮೇಲೆ ಬಂದ ಟೀಕೆ. ಪಕ್ಷಿಗಳು ಪ್ರಕೃತಿಯ ಅತ್ಯಂತ ಪ್ರಾಚೀನ ಧ್ವನಿಗಳಾದ್ದರಿಂದ ಅವುಗಳಿಗೆ ಪ್ರೌಢ ಭಾಷೆಯೇ ಒಪ್ಪುತ್ತದೆಂದು ನಾನು ಆಧಾರಸಹಿತ ವಾದಿಸಿದೆ. ಅಜ್ಜಿ ತಾಳ್ಮೆಯಿಂದ ಕೇಳಿ, ಅಂಗಳದ ಕಡೆಗೆ ಗಲ್ಲ ಎತ್ತಿ ತೋರಿಸಿದರು. ಹೇಂಟೆಯೊಂದು ಕಾಳುಮೆಣಸನ್ನು ಕೆದರತೊಡಗಿತ್ತು.

“ಹಾಗಾದ್ರೆ ಅದಕ್ಕೆ ಹೇಳು ನೋಡುವ.”

ಗೆಳತಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಹಿಂಜರಿಯಲಿಲ್ಲ. ಎರಡನೆಯ ಸಂಪುಟದಲ್ಲಿ ನೀಲವೇಣಿ ರಣಹದ್ದನ್ನು ಅಟ್ಟುವ ಮಾತನ್ನೇ ಹೇಳಿದೆ: “ಎಲೈ ವಿಹಂಗಮವೇ, ಈ ಕ್ಷಣವೇ ಇಲ್ಲಿಂದ ತೊಲಗು!”

ಹೇಂಟೆ ಒಂದು ಕಣ್ಣಿನಿಂದ ನನ್ನನ್ನು ನೋಡಿತು. ಬಳಿಕ ಕೊಕ್ಕೆತ್ತಿ ಕರೆದು ತನ್ನ ಮರಿಗಳನ್ನೂ ಬರಮಾಡಿಕೊಂಡಿತು.

ಅಜ್ಜಿ ಕೂತಲ್ಲಿಂದಲೇ “ಹೂಶ್!” ಎಂದರು. ಅಂಗಳ ಖಾಲಿಯಾಯಿತು.

“ಬರ್ಕೋ ಮಗಾ” ಎಂದು ನನ್ನ ನೋಟ್‌ಪುಸ್ತಕವನ್ನು ತೋರಿಸಿದರು. “ಕೆಲಸ ಆಗುವ ಮಂತ್ರ ಇಷ್ಟೇ ಉದ್ದ ಇರುದು.”

೪. ಹಳದಿ ಓಲೆ

ಎಪ್ರಿಲ್ ಕಳೆಯಿತು. ನೋಟ್‌ಪುಸ್ತಕ ತುಂಬುತ್ತ ಬಂತು; ಹಸ್ತಪ್ರತಿ ಖಾಲಿಯೇ ಉಳಿಯಿತು. ನನಗೆ ಒಂದೆಡೆ ಕುಳಿತುಕೊಳ್ಳಲಾಗುತ್ತಿರಲಿಲ್ಲ. ಉತ್ತರಪತ್ರಿಕೆ ತಿದ್ದುವಾಗಲೂ ಎದ್ದು ಕಿಟಕಿಯ ಬಳಿ ಹೋಗಿ, ರಸ್ತೆಯಲ್ಲಿ ಹೋಗುವ ಎತ್ತುಗಳಿವೆಯೇ ಎಂದು ನೋಡುತ್ತಿದ್ದೆ. ಪುತ್ತೂರಿನ ರಸ್ತೆಯಲ್ಲಿ ಈಗ ಎತ್ತುಗಳು ಎಲ್ಲಿಂದ ಬರಬೇಕು? ಹೋಗುತ್ತಿದ್ದದ್ದೆಲ್ಲ ಸ್ಕೂಟರು.

ಆಗ ಕೊಯಿಲದ ಓದುಗರೊಬ್ಬರ ಕರೆ ಬಂತು. ಅವರು ನಿವೃತ್ತ ಪಶು ಪರಿವೀಕ್ಷಕರು. ಸರ್ಕಾರದ ಜಾನುವಾರು ಸಾಕುವ ಕೇಂದ್ರವಿರುವ ಊರು ಅದು. ದನದ ವಿಷಯದಲ್ಲಿ ಅಲ್ಲಿಯವರ ಮುಂದೆ ಕಲ್ಪನೆ ನಡೆಯುವುದಿಲ್ಲವೆಂದು ನಾನು ಮೊದಲೇ ಅಂದಾಜಿಸಬೇಕಿತ್ತು.

“ಮೇಡಂ, ಶೂನ್ಯಪಾದರು ಎತ್ತಾಗುವ ದಿನ ಮಧ್ಯಾಹ್ನ ಎಂತ ಊಟ ಮಾಡಿದ್ರು?”

“ಅನ್ನ, ಬಸಳೆ ಸಾರು” ಎಂದೆ. ಅದು ನಿಜವಾಗಿಯೂ ಬರೆದದ್ದೇ ಆಗಿತ್ತು.

“ಅಲ್ಲಿ ತಪ್ಪಿತು. ಎತ್ತಿನ ಹೊಟ್ಟೆಗೆ ಅಷ್ಟು ಅನ್ನ ಒಮ್ಮೆಲೇ ಹೋದ್ರೆ ಹುಳಿ ಬಂದು ಉಬ್ಬರಿಸ್ತದೆ. ನೀವು ಅವರನ್ನು ಓಡಿಸಿದ್ದೀರಿ ಬೇರೆ. ನನಗೆ ಓದಿದಂದಿನಿಂದ ಅದೇ ಚಿಂತೆ.”

ಸೋಡಾಪುಡಿ ಕೊಡಿಸುತ್ತೇನೆಂದು ನಾನು ಭರವಸೆಯಿತ್ತೆ.

“ಇನ್ನೊಂದು. ಈಗ ಎಲ್ಲ ದನಕ್ಕೂ ಕಿವಿಗೆ ಹಳದಿ ಓಲೆ ಹಾಕ್ತಾರೆ, ನಂಬರು ಉಂಟು ಅದರಲ್ಲಿ, ಕಂಪ್ಯೂಟರಿಗೆ ಹೋಗ್ತದೆ. ನಿಮ್ಮ ಗುರುಗಳು ಹಿಂಡಿನಲ್ಲಿ ನಿಂತಿರುವಾಗ ಯಾರಾದ್ರೂ ಬಂದು ಓಲೆ ಹಾಕಿದ್ರು ಅಂತ ಇಟ್ಕೊಳ್ಳಿ. ತಿರುಗಿ ಮನುಷ್ಯ ಆಗುವಾಗ ಓಲೆ ಎಂತ ಆಗ್ತದೆ?”

“ಮಂತ್ರಬಲದಿಂದ ಅದು ಉದುರಿಬೀಳುತ್ತದೆ.”

“ಓಲೆ ಉದುರ್ಬಹುದು ಮೇಡಂ” ಎಂದು ಅವರು ಇಲಾಖೆಯ ದೀರ್ಘಾನುಭವದಿಂದ ನಿಟ್ಟುಸಿರಿಟ್ಟರು. “ಕಂಪ್ಯೂಟರಿನಿಂದ ಹೆಸರು ತೆಗೆಯುವ ಮಂತ್ರ ಯಾರ ಹತ್ರ ಉಂಟು?”

೫. ದಕ್ಷಿಣ ದಿಕ್ಕು, ನೀರಿನ ಬದಿ

ನಮ್ಮ ಕಡೆ ದನ ತಪ್ಪಿಸಿಕೊಂಡರೆ ಮೊದಲು ಗುಡ್ಡೆಯಲ್ಲಿ ಹುಡುಕುತ್ತಾರೆ; ಸಿಗದಿದ್ದರೆ ಜೋಯಿಸರಲ್ಲಿಗೆ ಹೋಗಿ, ವೀಳ್ಯದೆಲೆ ಅಡಿಕೆ ಇಟ್ಟು, ಕವಡೆ ಹಾಕಿಸಿ ನೋಡುತ್ತಾರೆ. ಜೋಯಿಸರು ದಿಕ್ಕು ಹೇಳುತ್ತಾರೆ, ಜನ ಆ ದಿಕ್ಕಿಗೆ ನಡೆಯುತ್ತಾರೆ. ಇದರಲ್ಲಿ ವಿಶೇಷವೇನೂ ಇಲ್ಲ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಡಬದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಫೋನು ಮಾಡಿದರು. ಅಲ್ಲಿಯ ಗ್ರಂಥಾಲಯದಲ್ಲಿ ನನ್ನ ಪುಸ್ತಕಗಳನ್ನು ಓದುವವರಿಗೆಲ್ಲ ಅವರೇ ಮುಂದಾಳು. ಧ್ವನಿಯಲ್ಲಿ ಹಬ್ಬವಿತ್ತು.

“ಟೀಚರ್, ಸಿಕ್ಕಿತು!”

“ಏನು ಮಾಷ್ಟ್ರೆ?”

“ನಮ್ಮ ಕಪ್ಪು ದನ ಮೂರು ದಿನದಿಂದ ಕಾಣೆ. ಜೋಯಿಸರು ಕವಡೆ ಹಾಕಿ ಪೂರ್ವಕ್ಕೆ, ಹಸುರಿನ ಮಧ್ಯೆ ಅಂದ್ರು. ನೋಡಿದ್ರೆ ಆಚೆಮನೆಯ ಬಾಳೆತೋಟದಲ್ಲಿ ಉಂಟು, ನಾಲ್ಕು ಬುಡ ಮುಗಿಸಿ! ಅದು ಬಿಡಿ. ಹೇಗೂ ಕವಡೆ ಅವರ ಕೈಯಲ್ಲೇ ಉಂಟಲ್ಲ, ಇನ್ನೊಂದು ಎತ್ತಿನದ್ದೂ ಕೇಳಿಬಿಡುವ ಅಂತ ಕೇಳಿದೆ.”

“ನಿಮ್ಮಲ್ಲಿ ಎತ್ತು ಇತ್ತೇ?”

“ಎಂತ ಟೀಚರ್, ನಮ್ಮ ಶೂನ್ಯಪಾದರು! ಬದುಕಿದ್ದಾರೆ! ದಕ್ಷಿಣ ದಿಕ್ಕು, ನೀರಿನ ಬದಿ. ಯಾರೋ ಕಟ್ಟಿ ಹಾಕಿದ್ದಾರಂತೆ. ಜೀವಕ್ಕೆ ಅಪಾಯ ಇಲ್ಲ.”

ಸಾಧ್ಯವಾದಷ್ಟು ವಿನಯದಿಂದ, ಆ ಪಾತ್ರವನ್ನು ಸೃಷ್ಟಿಸಿದವಳು ನಾನು, ಅವರೆಲ್ಲಿದ್ದಾರೆಂದು ಹೇಳುವ ಅಧಿಕಾರ ಕೃತಿಕಾರಳದ್ದು ಮಾತ್ರ ಎಂದು ತಿಳಿಸಿದೆ.

“ಅಲ್ಲ ಅಂತ ಯಾರು ಹೇಳಿದ್ದು? ದನವನ್ನು ಸಾಕಿದ್ದೂ ನಾನೇ” ಎಂದರು ಮಾಷ್ಟ್ರು. “ತಪ್ಪಿಸಿಕೊಂಡು ಹೋದ ಮೇಲೆ ಸಾಕಿದವನಿಗೆ ಎಂತ ಗೊತ್ತಿರ್ತದೆ?”

ಮಧ್ಯಾಹ್ನದೊಳಗೆ ಸುದ್ದಿ ಮೂರು ತಾಲೂಕು ದಾಟಿತು. ಕೆದಂಬಾಡಿಯ ಗೃಹಿಣಿ ಕರೆ ಮಾಡಿ, “ಕಟ್ಟಿ ಹಾಕಿದ್ದಾರಂತಲ್ಲ, ಹುಲ್ಲು ಸರಿ ಹಾಕ್ತಾರಾ?” ಎಂದು ಕೇಳಿದರು. ಪರಿವೀಕ್ಷಕರು, “ನೀರಿನ ಬದಿ ಆದ್ರೆ ಕಾಲುಬಾಯಿ ರೋಗ ನೋಡಿಕೊಳ್ಳಿ” ಎಂದರು. ಮುದ್ರಕರ ಸ್ವರ ಮಾತ್ರ ನೊಂದಿತ್ತು: “ಜೋಯಿಸರಿಗೆ ಹೇಳಿದ್ದೀರಿ. ನನಗೆ ಹೇಳ್ಲಿಲ್ಲ.”

ಸಾಹಿತ್ಯದ ಸ್ವಾಯತ್ತತೆಯ ಪ್ರಶ್ನೆ ಇದು ಎಂದು ನನಗನ್ನಿಸಿತು. ಮರುದಿನವೇ ಜೋಯಿಸರನ್ನು ಕಂಡು, ಅವರ ಮಾತನ್ನು ಹಿಂತೆಗೆದುಕೊಳ್ಳುವಂತೆ ಕೇಳಿಕೊಳ್ಳಲು ನಿಶ್ಚಯಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಭಾಷಣವನ್ನು ಮನಸ್ಸಿನಲ್ಲೇ ಸಿದ್ಧಪಡಿಸಿದೆ. ಅದರಲ್ಲಿ ಕವಿಯನ್ನು ಪ್ರಜಾಪತಿಗೆ ಹೋಲಿಸುವ ಭಾಗವೂ ಇತ್ತು.

ಜೋಯಿಸರು ಜಗಲಿಯಲ್ಲಿ ಮಣೆಯ ಮುಂದೆ ಕುಳಿತಿದ್ದರು. ವಯಸ್ಸಾದ, ಮೆತ್ತನೆ ಮಾತಿನ ಮನುಷ್ಯ. ನಾನು ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಪುನಃ ಹಾಕಿಕೊಂಡರು.

“ಪುಸ್ತಕದ ಎತ್ತು ಅಂತ ಮಾಷ್ಟ್ರು ಹೇಳ್ಲೇ ಇಲ್ಲ. ‘ಗುರುಗಳದ್ದು ವಿಷಯ, ಎತ್ತು’ ಅಂದ್ರು. ಯಾವುದೋ ಮಠದ ಎತ್ತು ಅಂತ ಗ್ರಹಿಸಿದೆ. ಇರ್ಲಿ. ಬಣ್ಣ ಎಂತ ಅದರದ್ದು?”

ನಾನು ಯೋಚಿಸಿದೆ. “ಬರೆದಿಲ್ಲ.”

“ಕೊಂಬು ಹೇಗೆ?”

“ಅದನ್ನೂ ಬರೆದಿಲ್ಲ.”

“ಮೈಮೇಲೆ ಎಂತಾದ್ರೂ ಗುರುತು?”

ನಾನು ನೋಟ್‌ಪುಸ್ತಕ ತೆಗೆದೆ.

“ಎಂತ ಮಗಾ ನೀನು” ಎಂದರು, ಕೋಪವಿಲ್ಲದೆ. “ಹಟ್ಟಿಯಿಂದ ಹೊರಗೆ ಬಿಡುವಾಗ ಒಂದು ಗುರುತಾದ್ರೂ ನೋಡಿಡ್ಬೇಡವಾ? ಹೀಗೆ ಬಿಟ್ಟರೆ ತಿರುಗಿ ಸಿಕ್ಕುದು ಹೇಗೆ?”

ನನ್ನ ಕೃತಿಗಳ ಬಗ್ಗೆ ಅದುವರೆಗೆ ಬಂದ ವಿಮರ್ಶೆಗಳಲ್ಲಿ ಇಷ್ಟು ಸರಿಯಾಗಿ ತಾಗಿದ್ದು ಬೇರೊಂದಿರಲಿಲ್ಲ. ಪ್ರಜಾಪತಿಯ ಭಾಗ ಎಲ್ಲಿ ಹೋಯಿತೋ ತಿಳಿಯದು. ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಚೀಲದಿಂದ ವೀಳ್ಯದೆಲೆ ಅಡಿಕೆ ತೆಗೆದು ಮಣೆಯ ಮೇಲಿಟ್ಟೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅವನ್ನು ಯಾಕೆ ಕೊಂಡುಕೊಂಡಿದ್ದೆನೆಂದು ನನ್ನನ್ನು ಕೇಳಬಾರದು.

“ಕಟ್ಟಿ ಹಾಕಿದವರು ಯಾರು ಜೋಯಿಸರೇ?”

ಅವರು ಕವಡೆ ಸರಿಸಿ ಬಹಳ ಹೊತ್ತು ನೋಡಿದರು. “ಹೆಂಗಸು. ಕೆಟ್ಟವಳಲ್ಲ. ಸಿಕ್ಕಿದ ಎತ್ತನ್ನು ತನ್ನದೇ ಅಂತ ನೋಡಿಕೊಳ್ತಾಳೆ. ಬಿಟ್ಟು ಕೊಡ್ಲಿಕ್ಕೆ ಮನಸ್ಸಿಲ್ಲ. ತನ್ನ ಹೆಸರಿಗೆ ಮಾಡಿಕೊಂಡಿದ್ದಾಳೆ ಅಂತ ಕಾಣ್ತದೆ.”

ಹೆಸರಿಗೆ ಮಾಡಿಕೊಂಡಿದ್ದಾಳೆ! ಹಳದಿ ಓಲೆ! ನಾನು ಎದ್ದುನಿಂತ ರಭಸಕ್ಕೆ ಎರಡು ಕವಡೆ ಅಂಗಳಕ್ಕೆ ಬಿದ್ದವು. ಹೆಕ್ಕಿ ಕೊಟ್ಟು, ಕೈಮುಗಿದು, ಓಡಿದೆ.

ಮುಂದಿನ ಹತ್ತು ದಿನಗಳಲ್ಲಿ ಐದನೆಯ ಸಂಪುಟ ಮುಗಿಯಿತು. ದಕ್ಷಿಣ ದಿಕ್ಕಿನಲ್ಲಿ, ಹೊಳೆಯ ಬದಿಯಲ್ಲಿ ಹಾಲು ಮಾರುವ ಹೆಂಗಸೊಬ್ಬಳು ಅಲೆದು ಬಂದ ಎತ್ತನ್ನು ಅಕ್ಕರೆಯಿಂದ ಕಟ್ಟಿಹಾಕುತ್ತಾಳೆ. ಕಿವಿಗೆ ಓಲೆ ಬೀಳುತ್ತದೆ. ಶೂನ್ಯಪಾದರು ಮರಳಿ ಮನುಷ್ಯರಾಗುವ ಮಂತ್ರವನ್ನು ನೂರೆಂಟು ಸಲ ಜಪಿಸಿದರೂ ಫಲವಿಲ್ಲ, ಏಕೆಂದರೆ ಸರ್ಕಾರದ ದಾಖಲೆಯಲ್ಲಿ ಅವರು ಎತ್ತು. ಧೂಮಗಿರಿಯ ಮಹಾಮಾಂತ್ರಿಕರೆಲ್ಲ ಕೈಚೆಲ್ಲಿದಾಗ ನೀಲವೇಣಿ ಅರ್ಜಿಯನ್ನು ಮೂರು ಪ್ರತಿ ಬರೆದುಕೊಂಡು ಕಚೇರಿಗೆ ನಡೆಯುತ್ತಾಳೆ. ಮೊದಲ ದಿನ ಸಂಬಂಧಪಟ್ಟವರು ರಜೆ. ಅದೃಶ್ಯವಿದ್ಯೆಯಲ್ಲಿ ಅವರು ತನಗಿಂತ ಬಹಳ ಮುಂದಿದ್ದಾರೆಂದು ಅವಳಿಗೆ ಅರಿವಾಗುತ್ತದೆ.

ಶಾಲೆ ಶುರುವಾಗುವ ಹಿಂದಿನ ವಾರ ಪುಸ್ತಕ ಹೊರಬಂತು. ಮುದ್ರಕರು ಧೂಮಗಿರಿಯ ಬೀಗವನ್ನು ಒಳಗಿಟ್ಟರು. ಮಾಷ್ಟ್ರು ಮೊದಲ ಪ್ರತಿಯನ್ನು ಜೋಯಿಸರಿಗೆ ಕೊಂಡೊಯ್ದು, ಸಂಬಂಧಪಟ್ಟ ಪುಟವನ್ನು ತೆರೆದು ತೋರಿಸಿ, “ನೋಡಿ, ನೀವು ಹೇಳಿದ ಹಾಗೇ ಆಗಿದೆ” ಎಂದರಂತೆ. ಹೇಳಿದ ಹಾಗೇ ಬರೆದವಳು ನಾನು ಎಂಬುದು ಅವರಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ.

೬. ಮತ್ತೆ ಬಸ್ಸಿನಲ್ಲಿ

ಐದನೆಯ ಸಂಪುಟದ ಕೊನೆಯಲ್ಲಿ ಗುರುಗಳು ಮನುಷ್ಯರಾದರು, ಸರಿ. ಆದರೆ ಅಭ್ಯಾಸಬಲದಿಂದ ನಾನು ಕೊನೆಯ ಸಾಲಿನಲ್ಲಿ ನೀಲವೇಣಿಯನ್ನು ಮಾಯಮಾಡಿದ್ದೆ.

ಜುಲೈಯ ಒಂದು ಶನಿವಾರ, ಮಳೆಯಲ್ಲಿ ತೋಯ್ದ ಕೊಡೆಗಳ ನಡುವೆ ಕಡಬದ ಬಸ್ಸಿನಲ್ಲಿ ಒಂದು ಕಾಲೂರಿ ನಿಂತಿದ್ದಾಗ ಫೋನು ಬಂತು. ಜೋಯಿಸರು. ಆ ಮೆತ್ತನೆಯ ಸ್ವರದಲ್ಲಿ ಮೊದಲ ಬಾರಿಗೆ ತಳಮಳ ಕೇಳಿಸಿತು.

“ಮಗಾ, ಇಲ್ಲಿ ಜಗಲಿ ತುಂಬ ಜನ. ದನ ಕಳೆದವರು ಒಬ್ಬರೂ ಇಲ್ಲ, ಎಲ್ಲ ನೀಲವೇಣಿ ಎಲ್ಲಿ ಅಂತ ಕೇಳುವವರೇ. ಸುಳ್ಯದಿಂದ ಒಂದು ಅಜ್ಜಿ ಜೀಪು ಮಾಡಿಕೊಂಡು ಬಂದಿದ್ದಾರೆ. ಮೂರು ಸಲ ಕವಡೆ ಹಾಕಿದೆ, ಎಂತದೂ ಕಾಣುದಿಲ್ಲ. ಅವಳು ಎಲ್ಲಿದ್ದಾಳೆ ಅಂತ ನನಗೊಬ್ಬನಿಗೆ ಹೇಳು, ನಾನು ಇವರನ್ನು ಸಮಾಧಾನ ಮಾಡಿ ಕಳಿಸ್ತೇನೆ.”

ಬಸ್ಸಿನ ಸದ್ದಿನಲ್ಲಿ ಅವರಿಗೆ ಕೇಳಿಸಲೆಂದು ನಾನು ಸ್ವರ ಎತ್ತರಿಸಬೇಕಾಯಿತು. ಹೀಗಾಗಿ ಇಷ್ಟು ಕಾಲ ಮನೆಯವರಿಂದಲೂ ಮುಚ್ಚಿಟ್ಟ ಗುಟ್ಟನ್ನು ಬಸ್ಸಿನಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು:

“ನನಗೂ ಗೊತ್ತಿಲ್ಲ ಜೋಯಿಸರೇ! ಅದನ್ನು ಕೇಳುವುದಕ್ಕೇ ನಿಮ್ಮಲ್ಲಿಗೆ ಹೊರಟಿದ್ದೇನೆ!”

ನಮ್ಮ ಹಳೆಯ ನಿರ್ವಾಹಕರು ಜನರನ್ನು ಸರಿಸಿಕೊಂಡು ನನ್ನ ತನಕ ಬಂದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಳಿಕ ನನ್ನ ಬದಿಯಲ್ಲಿದ್ದ, ಒಂದು ಗೇಣಿನಷ್ಟು ಖಾಲಿ ಜಾಗವನ್ನೂ ಅಷ್ಟೇ ಗಮನವಿಟ್ಟು ನೋಡಿದರು.

“ಹಾಗಾದ್ರೆ ಪುಸ್ತಕ ಬರೆಯುವವರು ಬೇರೆ ಇದ್ದಾರೆ” ಎಂದರು, ಯಂತ್ರವನ್ನು ಸಿದ್ಧ ಹಿಡಿದು. “ಅವರಿಗೆ ಹೇಳಿ ಮೇಡಂ. ಹೆಂಗಸಾದ್ರೆ ಆಧಾರ್ ತೋರಿಸ್ಲಿ, ಗಂಡಸಾದ್ರೆ ಟಿಕೆಟ್ ತೆಗೀಲಿ.”